ಎರಡನೆಯ ಹೆಸರು

ಗ್ಯಾಂಡರಿನ ವಕೀಲರ ಕಚೇರಿಯಿಂದ ನೇರ ಬಂದವರು,
ಬೂಟಿನ ಹಿಮ ಬಾಗಿಲಲ್ಲೇ ಒದರಿ
ಕೋಟು ಬಿಚ್ಚದೆ ಕೂತರು, ಲೊರೆಟಾ, ಹೆಡ್ಲಿ.
ಚಹಾ ಆರಿತು. ಆಮೇಲೆ ಅವಳೇ ಅಂದಳು:
"ಏವಿಸ್, ಉಯಿಲಿನಲ್ಲಿ ನಿನ್ನ ಹೆಸರು ಬರೆಸಿದ್ದೇವೆ.
ಎರಡನೆಯದು."

ಮೊದಲನೆಯದು ಕ್ಯಾಲ್ಗರಿಯ ಅಕ್ಕ, ಗ್ಲೆನಿಸ್.
ದೊಡ್ಡ ಮನೆ, ಗಂಡ ಹಲ್ಲಿನ ಡಾಕ್ಟರು,
ಹಿತ್ತಲಲ್ಲಿ ಆಗಲೇ ಒಂದು ಜೋಕಾಲಿ.
ಅವಳು ಒಲ್ಲೆನೆಂದರೆ, ಅವಳಿಗೆ ಆಗದಿದ್ದರೆ,
ಅವಳೂ ಇಲ್ಲದೆ ಹೋದರೆ
ಆಗ ನಾನು:
ಶಾಲೆಯ ಬಸ್ಸು ಓಡಿಸುವವಳು,
ಮದುವೆಯ ಗೋಜಿಗೆ ಹೋಗದವಳು.

"ತಪ್ಪು ತಿಳೀಬೇಡ" ಅಂದ ಹೆಡ್ಲಿ, ಟೋಪಿ ತಿರುವುತ್ತ.
ಏಡಿ ದೋಣಿಯವನು ಅವನು,
ಏಪ್ರಿಲ್ಲಿನಲ್ಲಿ ಮಂಜುಗಡ್ಡೆಯ ಸಂದಿಗೆ ನುಗ್ಗುವವನು.
ಅವಳಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ,
ಮೂಸ್ ಅಡ್ಡ ಬರುವ ಹೆದ್ದಾರಿಯಲ್ಲಿ ತೊಂಬತ್ತು ಕಿಲೋಮೀಟರು.
ಸಾವು ಎಂದು ಯಾರೂ ಅನ್ನಲಿಲ್ಲ.
"ಏನಾದರೂ ಆದರೆ" ಅಂದೆವು,
ಬಿಸಿ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದ ಹಾಗೆ.

ಆಗಲಿ ಅಂದೆ,
ಪಕ್ಕದವರು ಉಪ್ಪು ಕೇಳಿದಾಗ ಅನ್ನುವಷ್ಟು ಹಗುರವಾಗಿ.

ರಾತ್ರಿ ಕಣ್ಣು ಹತ್ತಲಿಲ್ಲ. ಗೊತ್ತಿದ್ದುದನ್ನು ಲೆಕ್ಕ ಹಾಕಿದೆ.
ಟ್ರೀನಾಗೆ ಏಳು; ಕಲ್ಲುಗಣಿಯ ತಿರುವಿನಲ್ಲಿ ವಾಂತಿ,
ಮುಂದಿನ ಸೀಟು ಕೊಡಬೇಕು.
ಎಲ್ವಿನ್‌ಗೆ ಮೂರು. ಅವನದು
ಟೋಪಿಯ ಬಣ್ಣ ಬಿಟ್ಟರೆ ಏನೂ ಗೊತ್ತಿರಲಿಲ್ಲ.

ಅಂದಿನಿಂದ ಕದ್ದು ಕಲಿತೆ.
ಅವನು ಬಟಾಣಿಯನ್ನು ತಟ್ಟೆಯಂಚಿಗೆ ತಳ್ಳುವುದು,
ದೀಪಸ್ತಂಭದ ಮಂಜು-ಕಹಳೆ ಕೂಗಿದರೆ ಎರಡೂ ಕಿವಿ ಮುಚ್ಚುವುದು,
ಸುಳ್ಳು ಹೇಳುವ ಮುಂಚೆ ಅವಳು ಜಡೆಯ ತುದಿ ಕಚ್ಚುವುದು.
ಸಿಗರೇಟು ಬಿಟ್ಟೆ.
ಹೊಲಿಗೆ ಯಂತ್ರವನ್ನು ನಡುಮನೆಗೆ ಎಳೆದು
ಆ ಕೋಣೆಗೆ ಎರಡು ಸಣ್ಣ ಮಂಚ ಹಾಕಿಸಿದೆ.
ಯಾರಿಗೆಂದು ಕೇಳಿದವರಿಗೆ, "ನೆಂಟರಿಗೆ."
ನನಗೆ ನೆಂಟರಿಲ್ಲವೆಂದು ಕೊಲ್ಲಿಯ ಸೀಗಲ್ಲುಗಳಿಗೂ ಗೊತ್ತು.

ಆ ಮಂಚಗಳಲ್ಲಿ ಅವರು ಮಲಗಿದ್ದು ಒಂದೇ ರಾತ್ರಿ.
ಬಿರುಗಾಳಿಗೆ ಹೆದ್ದಾರಿ ಮುಚ್ಚಿತ್ತು, ಲೊರೆಟಾ ಎಲ್ಲಿ ಸಿಕ್ಕಿಬಿದ್ದಳೋ,
ಹೆಡ್ಲಿಯ ದೋಣಿ ರೇಡಿಯೋಗೆ ಓಗೊಡುತ್ತಿರಲಿಲ್ಲ.
ಬಸ್ಸಿನಿಂದ ನೇರ ಮನೆಗೆ ಕರೆತಂದೆ.
ಸೂಪು ಕುಡಿದವು, ಜಗಳಾಡಿದವು, ಮಲಗಿದವು.
ಒಲೆಯ ಮುಂದೆ ಕಂಬಳಿ ಕಾಯಿಸುತ್ತ ನಿಂತವಳಿಗೆ
ತಟ್ಟನೆ ಹೊಳೆಯಿತು:
ಸೋಮವಾರದ ಬುತ್ತಿಗೆ ಏನು ಹಾಕಲಿ ಎಂದು
ಆಗಲೇ ಯೋಚಿಸುತ್ತಿದ್ದೇನೆ.
ಅಂದು ಶುಕ್ರವಾರ.

ಕೈ ಸುಟ್ಟವಳಂತೆ ಕಂಬಳಿ ಬಿಟ್ಟೆ.
ದೇವರ ಮುಂದೆ ಮಂಡಿಯೂರಿದರೂ
ಏನು ಬೇಡಲಿ ಎಂದು ಬಾಯಿಗೆ ಅಂಜಿಕೆ.

ಬೆಳಗ್ಗೆ ಇಬ್ಬರೂ ಬಂದರು, ಅವನ ಗಡ್ಡದ ತುಂಬ ಉಪ್ಪು,
ಅವಳು ಮೆಟ್ಟಿಲಲ್ಲೇ ಕುಸಿದು ಮಕ್ಕಳನ್ನು ಅವುಚಿಕೊಂಡಳು.
ನಾನೂ ಅತ್ತೆ. ಸಂತೋಷಕ್ಕೆ; ಸುಳ್ಳಲ್ಲ.
ಆದರೆ ಹಿಂದಿನ ಸಂಜೆಯೇ ಅಂಗಡಿಯಿಂದ
ನಾಲ್ಕು ದಿನಕ್ಕಾಗುವಷ್ಟು ಹಾಲು ತಂದಿಟ್ಟಿದ್ದೆ.
ಒಬ್ಬಳೇ ಕುಡಿದು ಮುಗಿಸಿದೆ.

ನಮ್ಮ ಕಡೆ ಕಾಯಿದೆಯ ಪ್ರಕಾರ
ಹತ್ತೊಂಬತ್ತಕ್ಕೆ ಮಗುತನ ಮುಗಿಯುತ್ತದೆ.
ಟ್ರೀನಾ ದಾಟಿ ಎಷ್ಟೋ ಕಾಲವಾಯಿತು. ಹೋದ ಗುರುವಾರ ಎಲ್ವಿನ್.
ಚರ್ಚಿನ ಹಾಲಿನಲ್ಲಿ ಕೇಕು, ಅಕಾರ್ಡಿಯನ್ನು,
ಕ್ಯಾಲ್ಗರಿಯಿಂದ ಬಂದಿದ್ದ ಗ್ಲೆನಿಸ್ ನನ್ನನ್ನು ಕೇಳಿದಳು,
"ನೀವು ಬಸ್ಸಿನವರಲ್ಲವೇ?"
ಹೌದು, ಬಸ್ಸಿನವಳು.
ವಕೀಲರ ಕಪಾಟಿನ ಯಾವುದೋ ಹಾಳೆಯಲ್ಲಿ
ನನ್ನ ಹೆಸರಿಗಿನ್ನು ಕೆಲಸವಿಲ್ಲ;
ಅದು ಯಾರಿಗೂ ನೆನಪಾಗಲಿಲ್ಲ, ಆಗಬೇಕಾದ್ದೂ ಅಲ್ಲ.

ಜೂನ್ ತಿಂಗಳ ಮಂಜು ಕಿಟಕಿಗೆ ಬಂದು ನಿಂತಿತ್ತು.
ದೂರದಲ್ಲಿ ಕಹಳೆ ಕೂಗಿತು.
ಕೇಕು ಕೊಯ್ಯುತ್ತಿದ್ದ ಆರಡಿಯ ಹುಡುಗನ ಎಡಗೈ
ಕಿವಿಯತ್ತ ಅರ್ಧ ಏರಿ, ನಾಚಿ, ಕೆಳಗಿಳಿಯಿತು.

"ಇನ್ನೊಂದು ತುಂಡು ಬೇಕೇ, ಏವಿಸ್?" ಅಂದ ಹೆಡ್ಲಿ.
ಬೇಕು ಅಂದೆ.